ನೇಪಾಳ, ವಯಾ ಪೀಣ್ಯ

ನೇಪಾಳಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹಿಮಾಲಯದಿಂದ ಮಾತು ಶುರು ಮಾಡುತ್ತಾರೆ. ನಾನು ನಮ್ಮ ದೊಡ್ಡಪ್ಪನ ಮೂಗಿನಿಂದ ಶುರು ಮಾಡಬೇಕು. ಬೇರೆ ದಾರಿಯಿಲ್ಲ. ಹಿಮಾಲಯ ನಮಗೆ ಕಂಡಿದ್ದು ಕೊನೆಯಲ್ಲಿ, ಅದೂ ಮೋಡಕ್ಕೆ ಮನಸ್ಸು ಬಂದಾಗ. ಮೂಗು ಮಾತ್ರ ಮೊದಲಿನಿಂದಲೂ ಜೊತೆಗಿತ್ತು, ದಾರಿ ತೋರಿಸುತ್ತಾ ಮುಂದೆಯೇ ಇತ್ತು.

ಜಾಲಹಳ್ಳಿ: ಹೊರಡುವ ಮೊದಲೇ ನಿಂತಿದ್ದು

ದೊಡ್ಡಪ್ಪ ಸರ್ಕಾರಿ ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವರು. ಬೇರೆಯವರು ಮಾಡಿದ್ದನ್ನು ತಿರುಗಿಸಿ ನೋಡಿ 'ಪಾಸ್' ಅಥವಾ 'ರಿಜೆಕ್ಟ್' ಅನ್ನುವುದೇ ಜೀವಮಾನದ ಕೆಲಸ. ಅಭ್ಯಾಸ ಹೋಗಿಲ್ಲ. ಈಗಲೂ ಇಡ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ಚಟ್ನಿಗೆ ಅದ್ದುತ್ತಾರೆ.

ನಾನು ಚೇತು, ಅವರ ತಮ್ಮನ ಮಗ. ಮಿಮಿಕ್ರಿ ಮಾಡ್ತೀನಿ. ಐಟಿ ಕಂಪನಿಗಳ ಫ್ಯಾಮಿಲಿ ಡೇ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆ ಒಬ್ಬ ಮೈಕ್ ಹಿಡ್ಕೊಂಡು ಕುಕ್ಕರ್ ವಿಸಿಲ್ ಹೊಡೀತಾ ಇರ್ತಾನಲ್ಲ, ಅವನು ನಾನೇ. ಜನ ನಗುವುದಿಲ್ಲ. ಊಟ ರೆಡಿ ಆಯ್ತು ಅಂದುಕೊಂಡು ಎದ್ದು ಹೋಗುತ್ತಾರೆ. ನನ್ನ ಬೆಸ್ಟ್ ಐಟಂ ದೊಡ್ಡಪ್ಪನ ಗೊರಕೆ. ಮೂರು ಗೇರ್ ಇದೆ ಅದಕ್ಕೆ, ಮೂರನೇ ಗೇರಿನ ನಂತರ ಒಂದು ಭಯಂಕರ ಮೌನ. ಆ ಮೌನದಲ್ಲಿ ಅವರ ಉಸಿರೇ ನಿಂತಿರುತ್ತದೆ ಅಂತ ಗೊತ್ತಾದ ಮೇಲೆ ನಾನು ಅದನ್ನು ಸ್ಟೇಜಲ್ಲಿ ಮಾಡುವುದು ಬಿಟ್ಟೆ. ಡಾಕ್ಟರು ಒಂದು ಮಿಷನ್ ಕೊಟ್ಟರು. ಮೂಗಿಗೆ ಮುಖವಾಡ, ಮುಖವಾಡಕ್ಕೆ ಸೊಂಡಿಲಿನಂಥ ಪೈಪು, ಪೈಪಿನ ತುದಿಯಲ್ಲಿ ನಿದ್ದೆ ಮುಗಿಯುವತನಕ ಗಾಳಿ ಊದುವ ಪೆಟ್ಟಿಗೆ. "ಒಂದು ರಾತ್ರಿ ಕೂಡ ಇದಿಲ್ಲದೆ ಮಲಗಬಾರದು" ಅಂತ ಆರ್ಡರ್.

ಈಗ ದೊಡ್ಡಮ್ಮ. ನಮ್ಮ ಬೀದಿಯಲ್ಲಿ ಫಾರಿನ್ನಿಗೆ ಹೋಗದೆ ಉಳಿದಿರುವ ಹೆಂಗಸು ಅವರೊಬ್ಬರೇ. ಹೋದವರೆಲ್ಲ ಹೋಗಿದ್ದು ಮಗಳ ಇಲ್ಲವೇ ಸೊಸೆಯ ಬಾಣಂತನಕ್ಕೆ. ಎದುರುಮನೆ ಆಂಟಿ ಅಮೆರಿಕದಿಂದ ಬಂದಾಗ ದೊಡ್ಡಮ್ಮ ಆಸೆಯಿಂದ ಕೇಳಿದ್ದರು, "ಹೇಗಿತ್ತು ಊರು?" ಆಂಟಿ ತುಂಬ ಯೋಚನೆ ಮಾಡಿ ಹೇಳಿದ್ದು, "ಅಡುಗೆಮನೆ ದೊಡ್ಡದಿತ್ತು."

ಅವತ್ತೇ ದೊಡ್ಡಮ್ಮ ತೀರ್ಮಾನ ಮಾಡಿದರು. "ನಾನು ಫಾರಿನ್ನಿಗೆ ಹೋದ್ರೆ ಯಾರಿಗೂ ಎಣ್ಣೆ ನೀರು ಹಾಕಲ್ಲ. ಕಿಟಕೀಲಿ ಕೂತ್ಕೊಂಡು ಹಿಮದ ಬೆಟ್ಟ ನೋಡ್ತೀನಿ. ಸುಮ್ನೆ ನೋಡ್ತೀನಿ, ಅಷ್ಟೇ."

ಅದಕ್ಕೆಂದೇ ದೊಡ್ಡಪ್ಪ ವೈಟ್‌ಫೀಲ್ಡಿನ ರೋಹಿತ್ ಅನ್ನುವ ಹುಡುಗನಿಂದ ಒಂದು ಮನೆಗಾಡಿ ಕೊಂಡರು. ಟೆಂಪೋ ಟ್ರಾವೆಲರಿನ ಹೊಟ್ಟೆ ಬಗೆದು ಒಳಗೆ ಮಂಚ, ಒಲೆ, ಸಿಂಕು, ಪುಟ್ಟ ಫ್ರಿಜ್ಜು ಕೂರಿಸಿದ ಗಾಡಿ. ಕಿಟಕಿ ದೊಡ್ಡದು. ದೊಡ್ಡಮ್ಮ ಆ ಕಿಟಕಿಯನ್ನು ನೋಡಿಯೇ ಒಪ್ಪಿದ್ದು. ಡ್ರೈವರ್ ನಾನು. ಲೈಸೆನ್ಸ್ ಟೆಸ್ಟಿನಲ್ಲಿ ರಿವರ್ಸ್ ತೆಗೆಯುವಾಗ ಇನ್ಸ್‌ಪೆಕ್ಟರರ ಬೈಕನ್ನೇ ಮಲಗಿಸಿದ್ದ ವಿಷಯ ಮನೆಯಲ್ಲಿ ಹೇಳಿರಲಿಲ್ಲ.

ಹೊರಡುವ ವಾರ ಟ್ರಯಲ್ ಅಂತ ದೊಡ್ಡಪ್ಪ ಗಾಡಿಯಲ್ಲೇ ಮಲಗಿದರು. ಒಂದು ಗಂಟೆ ಕಳೆಯುವಷ್ಟರಲ್ಲಿ ಮಿಷನ್ 'ಟೀಂವ್' ಅಂತ ನರಳಿ ನಿಂತಿತು. ಇಂಥ ಗಾಡಿಯಲ್ಲಿ ಎರಡು ಥರ ಬ್ಯಾಟರಿ ಇರುತ್ತವೆ. ಎಂಜಿನ್ ಸ್ಟಾರ್ಟ್ ಮಾಡೋಕೆ ಒಂದು, ಒಳಗಿನ ಸಂಸಾರಕ್ಕೆ ಬೇರೆ. ಸಂಸಾರದ ಬ್ಯಾಟರಿ ಎರಡಿದ್ದವು, ಹಳೇ ಕಾಲದ ಆ್ಯಸಿಡ್ ಬ್ಯಾಟರಿಗಳು, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ. ಎರಡೂ ಸಂಸಾರದಿಂದ ಮನಸ್ಸು ತೆಗೆದಿದ್ದವು.

ದೊಡ್ಡಮ್ಮ ಸ್ಪಷ್ಟವಾಗಿ ಹೇಳಿದರು. "ಈ ಮಿಷನ್ ಒಂದು ಪೂರ್ತಿ ನಿದ್ದೆ ಓಡಿದ್ರೆ ನೇಪಾಳ. ಇಲ್ಲಾಂದ್ರೆ ಇಲ್ಲ. ಪರದೇಶದಲ್ಲಿ ಇವರ ಉಸಿರು ಎಣಿಸ್ತಾ ಕೂರೋಕೆ ನಾನು ಬರಲ್ಲ."

ವೈಟ್‌ಫೀಲ್ಡ್: ವೀಸಾ ಬೇಕಾದ ಊರು

ಬ್ಯಾಟರಿ ಯಾವುದು ಹಾಕಿಸಬೇಕು ಅಂತ ಕೇಳಲು ರೋಹಿತನ ಅಪಾರ್ಟ್‌ಮೆಂಟಿಗೆ ಹೋದೆವು. ಗೇಟಿನಲ್ಲಿ ಹೆಸರು, ಮೊಬೈಲ್, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಎಷ್ಟು ಹೊತ್ತು ಇರ್ತೀರಿ. ಆಮೇಲೆ ಫೋಟೋ. ದೊಡ್ಡಪ್ಪ ಪಾಸ್‌ಪೋರ್ಟ್ ಫೋಟೋ ಅಂದುಕೊಂಡು ಗಂಭೀರವಾಗಿ ನಿಂತರು. ಸೆಕ್ಯುರಿಟಿಯವನು, "ಸಾರ್, ನಿಮ್ಮದಲ್ಲ, ಗಾಡಿದು" ಅಂದ. ನಂತರ ರೋಹಿತನ ಮೊಬೈಲಿಗೆ ಓಟಿಪಿ ಹೋಯ್ತು. ಅವನು ಮೀಟಿಂಗಿನಲ್ಲಿದ್ದ. ಅವನ ಮೀಟಿಂಗ್ ಮುಗಿಯುವತನಕ ನಾವು ಎರಡು ದೇಶಗಳ ನಡುವಿನ ನಿರಾಶ್ರಿತರ ಹಾಗೆ ಗೇಟಿನಾಚೆ ಕೂತಿದ್ದೆವು.

ರೋಹಿತ್ ಒಳ್ಳೆಯ ಹುಡುಗ, ಆದರೆ ಅವನ ಕನ್ನಡದಲ್ಲಿ ಕ್ರಿಯಾಪದ ಮಾತ್ರ ಕನ್ನಡ. "ಆಕ್ಚುಲಿ ಅಂಕಲ್, ಲೆಡ್ ಆ್ಯಸಿಡ್ ಈಸ್ ಲೈಕ್ ಲೆಗಸಿ ಸಿಸ್ಟಮ್ಮು. ಅರ್ಧ ಮಾತ್ರ ಯೂಸ್ ಮಾಡ್ಬಹುದು, ಫುಲ್ ಡ್ರೈನ್ ಮಾಡಿದ್ರೆ ಲೈಫ್ ಹೋಗ್ಬಿಡತ್ತೆ. ಲಿಥಿಯಂ ಹಾಕ್ಸಿ. ಆಲ್ಮೋಸ್ಟ್ ಫುಲ್ ಯೂಸ್ ಮಾಡ್ಬಹುದು, ವೆಯ್ಟ್ ಕಮ್ಮಿ, ಆ್ಯಪ್ ಇದೆ, ಬ್ಲೂಟೂತ್ ಇದೆ."

"ಬ್ಯಾಟರಿ ಜೊತೆ ನಾನು ಮಾತಾಡೋದೇನಿರತ್ತೆ?" ಅಂದರು ದೊಡ್ಡಪ್ಪ.

"ಅಂಕಲ್, ಅದೇ ಮಾತಾಡತ್ತೆ. ಎಷ್ಟು ಪರ್ಸೆಂಟ್ ಇದೆ ಅಂತ. ಆಲ್ಸೋ, ಚಾರ್ಜರ್ ಚೇಂಜ್ ಮಾಡ್ಬೇಕು. ಎಂಜಿನ್ನಿಂದ ಡೈರೆಕ್ಟ್ ಕೊಡಬೇಡಿ, ನಡುವೆ ಒಂದು ಕನ್ವರ್ಟರ್ ಬೇಕು. ಲಿಥಿಯಂಗೆ ಹಸಿವು ಜಾಸ್ತಿ, ಎಂಜಿನ್ನಿನ ಆಲ್ಟರ್ನೇಟರ್‌ನ ಸುಟ್ಟು ಹಾಕತ್ತೆ. ಮತ್ತೆ ಫ್ರೀಜಿಂಗ್ ಟೆಂಪರೇಚರ್ ಇದ್ರೆ ಚಾರ್ಜ್ ಮಾಡಬೇಡಿ. ಚಳಿ ಆಗಿಬರಲ್ಲ ಅದಕ್ಕೆ."

ದೊಡ್ಡಪ್ಪ ತಲೆಯಾಡಿಸಿದರು. ಲಿಫ್ಟಿನಲ್ಲಿ ಇಳಿಯುವಾಗ ನಾನು ರೋಹಿತನ ಧ್ವನಿಯಲ್ಲಿ "ಆಕ್ಚುಲಿ ಅಂಕಲ್, ನಿಮ್ಮ ಮೂಗು ಈಸ್ ಲೈಕ್ ಲೆಗಸಿ ಸಿಸ್ಟಮ್ಮು" ಅಂದೆ. ದೊಡ್ಡಪ್ಪ ನಗಲಿಲ್ಲ. ಲಿಫ್ಟಿನಲ್ಲಿದ್ದ ಇನ್ನೊಬ್ಬರು ನಕ್ಕರು. ಅವರು ರೋಹಿತನ ಹೆಂಡತಿ ಅಂತ ಆಮೇಲೆ ಗೊತ್ತಾಯ್ತು.

ಮಾರತ್ತಹಳ್ಳಿ: ದೀರ್ಘ ವಾಸ್ತವ್ಯ

ಮಾರತ್ತಹಳ್ಳಿಯನ್ನು ದಾಟಿದೆವು ಅಂತ ಹೇಳುವುದು ತಪ್ಪಾಗುತ್ತದೆ. ಅಲ್ಲಿ ವಾಸವಿದ್ದೆವು. ಸೇತುವೆಯ ಹತ್ತಿರ ನಿಂತ ಗಾಡಿ ನಿಂತೇ ಇತ್ತು. ದೊಡ್ಡಪ್ಪ ಖುಷಿಯಲ್ಲೇ ಇದ್ದರು. "ಎಂಜಿನ್ ಆಫ್ ಮಾಡಬೇಡ ಕಣೋ. ಚಾರ್ಜ್ ಆಗ್ತಿದೆ. ಬೇರೆ ದೇಶದವರು ಚಾರ್ಜ್ ಆಗ್ಲಿ ಅಂತ ನೂರಾರು ಮೈಲಿ ಓಡಿಸ್ಬೇಕು. ನಮಗೆ ಈ ಸೌಕರ್ಯ ಇದೆ."

ಪಕ್ಕದ ಬಸ್ಸಿನ ಕಂಡಕ್ಟರು ಕಿಟಕಿಯಿಂದ ಬಗ್ಗಿ ನಮ್ಮ ಒಲೆ, ಸಿಂಕು, ಮಂಚ ಎಲ್ಲವನ್ನೂ ನೋಡಿದರು. "ಯಜಮಾನ್ರೇ, ಒಲೆ ಹಚ್ಚಿ. ನಾವೂ ಇಲ್ಲೇ ಇರ್ತೀವಿ."

ಬ್ಯಾಗ್ ನೇತು ಹಾಕಿಕೊಂಡ ಹುಡುಗನೊಬ್ಬ ವಾಹನಗಳ ನಡುವೆ ನುಸುಳಿ ಬಂದು ನಮ್ಮ ಬಾಗಿಲು ತಟ್ಟಿದ. "ಅಣ್ಣಾ, ಇದು ಪಿ.ಜಿ.ನಾ? ಊಟ ಸೇರಿನಾ?"

"ಊಟ ಇದೆ, ನಿದ್ದೆ ಇಲ್ಲ" ಅಂದೆ.

"ನಮ್ಮ ಪಿ.ಜಿ.ಲೀ ಅಷ್ಟೇ ಬಿಡಿ" ಅಂತ ಅವನು ನಡೆದ. ನಮಗಿಂತ ಬೇಗ ಅವನೇ ಜಾಲಹಳ್ಳಿ ಮುಟ್ಟಿರಬೇಕು.

ಜಾಲಹಳ್ಳಿಗೆ ಬಂದು ಮೀಟರ್ ಹಿಡಿದರೆ ಬ್ಯಾಟರಿ ನಾವು ಹೊರಟಾಗ ಎಷ್ಟಿತ್ತೋ ಅಷ್ಟೇ ಇತ್ತು. ನಿಂತ ಗಾಡಿಯ ಎಂಜಿನ್ನೂ ನಿಂತ ಗಾಡಿಯವರ ಹಾಗೆಯೇ, ಸದ್ದು ಮಾಡುತ್ತದೆ, ಕೆಲಸ ಮಾಡುವುದಿಲ್ಲ.

ಪೀಣ್ಯ: ಲಕ್ಷ್ಮಕ್ಕನ ಅಂಗಡಿ

ಪೀಣ್ಯದಲ್ಲಿ ಯಾವ ಸಂದಿಗೆ ಹೋದರೂ ಏನನ್ನೋ ಕೊರೆಯುತ್ತಿರುತ್ತಾರೆ. ಮಿಮಿಕ್ರಿಯವನಿಗೆ ಅದು ಸಂಗೀತ ಕಛೇರಿ. ಲೇತ್ ಮಿಷನ್ನಿನ ಕೀರಲು, ಪ್ರೆಸ್ಸಿನ ಗುದ್ದು, ಅದರ ನಡುವೆ ಚಹಾದವನ ಕೂಗು. ನಾನು ಲೇತ್ ಸದ್ದು ಮಾಡಿದೆ. ಪಕ್ಕದ ಶೆಡ್ಡಿನಿಂದ ಒಬ್ಬ ಗಾಬರಿಯಿಂದ ಬಂದು ತನ್ನ ಮಿಷನ್ ನೋಡಿಕೊಂಡು ಹೋದ. ನನ್ನ ಕಲಾಜೀವನದ ಅತಿ ದೊಡ್ಡ ಪ್ರಶಂಸೆ ಅದು.

ಬ್ಯಾಟರಿ ಅಂಗಡಿ ಲಕ್ಷ್ಮಕ್ಕನದು. ಆ ಸಾಲಿನ ಶೆಡ್ಡುಗಳೆಲ್ಲ ಅವರ ಮನೆತನದ ರಾಗಿ ಹೊಲದ ಮೇಲೆ ನಿಂತಿವೆ. ಮೂಗುತಿ, ಹೂವು, ಕೈಗೆ ಆ್ಯಸಿಡ್ ಗ್ಲೌಸು. ನಮ್ಮ ಗಾಡಿಯ ಪೆಟ್ಟಿಗೆ ತೆಗೆದು ನೋಡಿದವರೇ, "ಇವೆರಡೂ ಕೊಟ್ಬುಡಿ ಇಲ್ಲಿ. ಒಸಾದು ಒಂದ್ ಜೊತೆ ಕೊಡ್ತೀನಿ" ಅಂದರು.

ದೊಡ್ಡಪ್ಪನ ಹುಬ್ಬು ಮೇಲೆ ಹೋಯಿತು. ಹಳೆಯದನ್ನು ಅಷ್ಟು ಆಸೆಯಿಂದ ಕೇಳುತ್ತಾರೆ ಅಂದರೆ ಅದರಲ್ಲಿ ಏನೋ ಉಳಿದಿರಬೇಕು ಅನ್ನುವುದು ಅವರ ಲೆಕ್ಕ. ಲಕ್ಷ್ಮಕ್ಕನಿಗೆ ಬೇಕಿದ್ದದ್ದು ಒಳಗಿನ ಸೀಸ. ಅದನ್ನು ಅವರು ಮುಚ್ಚಿಟ್ಟಿರಲೂ ಇಲ್ಲ.

"ಹಳೇದು ಕೊಡೋಕೆ ಒಂದು ಪ್ರೊಸೀಜರ್ ಇದೆ" ಅಂದರು ದೊಡ್ಡಪ್ಪ.

"ಏನ್ ಪ್ರೊಸೀಜರಣ್ಣ? ಎತ್ತಿ ಇಂಗ್ ಮಡಗೋದು."

"ಹಾಗಾಗಲ್ಲ. ಕಂಡೆಮ್ ಆಗ್ಬೇಕು."

ಸದ್ಯಕ್ಕೆ ಲಿಥಿಯಂ ಒಂದು ತೆಗೆದುಕೊಂಡೆವು, ಜೊತೆಗೆ ಅದಕ್ಕೆ ತಕ್ಕ ಚಾರ್ಜರು. ಹೊರಡುವಾಗ ಲಕ್ಷ್ಮಕ್ಕ ಕೂಗಿ ಹೇಳಿದರು, "ಅಣ್ಣ, ಅಳೇದ್ರ ಜೊತೆ ಒಸಾದ್ನ ಕಟ್ಬ್ಯಾಡಿ."

"ಎರಡು ಮಾರೋಕೆ ಹೀಗಂತಾಳೆ" ಅಂದರು ದೊಡ್ಡಪ್ಪ ಗಾಡಿ ಹತ್ತಿ.

ಜಾಲಹಳ್ಳಿ: ಕಮಿಟಿ ಸೇರಿದ್ದು

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡಪ್ಪನ ಕಾರ್ಖಾನೆಯಲ್ಲಿ ಮುರಿದ ಕುರ್ಚಿಯನ್ನೂ ಸುಮ್ಮನೆ ಎಸೆಯುವ ಹಾಗಿರಲಿಲ್ಲ. ಮೂರು ಜನರ ಕಮಿಟಿ ಕೂರಬೇಕು. ಒಬ್ಬ ಇನ್ಸ್‌ಪೆಕ್ಷನ್ನಿನವನು, ಒಬ್ಬ ಸ್ಟೋರ್ಸಿನವನು, ಒಬ್ಬ ಫೈನಾನ್ಸಿನವನು. ಅವರ ಬಾಯಲ್ಲಿ ಎರಡೇ ಪದ. 'ಕಂಡೆಮ್' ಅಂದರೆ ಗುಜರಿಗೆ. 'ಸರ್ವಿಸಬಲ್' ಅಂದರೆ ಇನ್ನೂ ದುಡಿಯುತ್ತದೆ, ಇರಲಿ. ನಮ್ಮ ಮನೆಯಲ್ಲೂ ಇದೇ ಕಾನೂನು. ನಿಂತ ಗಡಿಯಾರಗಳು, ಒಂದೇ ಕಾಲಿನ ಚಪ್ಪಲಿಗಳು, ನಾನು ಶಾಲೆಯಲ್ಲಿ ಊದುತ್ತಿದ್ದ ಪ್ಲಾಸ್ಟಿಕ್ ಪೀಪಿ, ಎಲ್ಲವೂ ಅಟ್ಟದ ಮೇಲೆ ಕಮಿಟಿಗೆ ಕಾಯುತ್ತಿವೆ. ನನ್ನ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ.

ಸ್ಟೋರ್ಸಿನ ಸ್ಥಾನಕ್ಕೆ ಗುಂಡಣ್ಣ ಬಂದರು. ದೊಡ್ಡಪ್ಪನ ಜೊತೆಯೇ ರಿಟೈರಾದವರು, ಜೇಬಿನಲ್ಲಿ ಈಗಲೂ ಪೆನ್ನು ಇಟ್ಟುಕೊಳ್ಳುವವರು, ಬಿಸಿಲಿರಲಿ ಮಳೆಯಿರಲಿ ಮಂಕಿ ಕ್ಯಾಪ್ ತೆಗೆಯದವರು. ಫೈನಾನ್ಸ್ ಮೆಂಬರ್ ದೊಡ್ಡಮ್ಮ. ಆದರೆ ಅವರು ಅಡುಗೆಮನೆಯಲ್ಲಿ ಕಮಿಟಿಗೆ ಬಜ್ಜಿ ಕರಿಯುತ್ತಿದ್ದರು.

ದೊಡ್ಡಪ್ಪ ಎರಡೂ ಹಳೇ ಬ್ಯಾಟರಿಗಳನ್ನು ಅಂಗಳದಲ್ಲಿಟ್ಟು ಮೀಟರ್ ಹಿಡಿದರು. ಒಂದು ಏನೂ ತೋರಿಸಲಿಲ್ಲ. ಇನ್ನೊಂದು ರಾತ್ರಿಯೆಲ್ಲ ಚಾರ್ಜ್ ತಿಂದಿದ್ದಕ್ಕೆ ನಾಚಿಕೆಯಿಂದಲೋ ಏನೋ ಪೂರ್ತಿ ನಂಬರ್ ತೋರಿಸಿತು. ಕೆಲಸ ಕೊಡದೆ ಸುಮ್ಮನೆ ಕೂರಿಸಿ ಕೇಳಿದರೆ ಯಾರಾದರೂ ಚೆನ್ನಾಗಿಯೇ ಇದ್ದೀನಿ ಅನ್ನುತ್ತಾರೆ. ಇಂಟರ್‌ವ್ಯೂಗಳಲ್ಲಿ ನಾನೂ ಹಾಗೆಯೇ ಅನ್ನುವುದು.

"ನೋಡು ಗುಂಡಣ್ಣ, ಇದು ಕಂಡೆಮ್. ಇದು ಸರ್ವಿಸಬಲ್."

"ನೀನು ಹೇಳಿದ್ಮೇಲೆ ಆಯ್ತಪ್ಪ. ಮೆಣಸಿನಕಾಯಿದೂ ಮಾಡಿದ್ದಾರಾ, ಬರೀ ಈರುಳ್ಳೀದಾ?"

"ಫೈನಾನ್ಸ್ ಏನಂತಾರೆ?" ದೊಡ್ಡಪ್ಪ ಅಡುಗೆಮನೆ ಕಡೆ ಕೂಗಿದರು.

"ಎಣ್ಣೆ ಕಾದಿದೆ, ಆಮೇಲೆ ಬರ್ತೀನಿ" ಅಂತ ಉತ್ತರ ಬಂತು. ಅದನ್ನೇ ಒಪ್ಪಿಗೆ ಅಂತ ಪರಿಗಣಿಸಲಾಯಿತು.

ಹೀಗೆ ವೈಟ್‌ಫೀಲ್ಡಿನ ಸಲಹೆಯ ಹೊಸ ಲಿಥಿಯಂ, ಕಮಿಟಿ ಪಾಸು ಮಾಡಿದ ಹಳೇ ಆ್ಯಸಿಡ್, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಕೂರಿಸಿ ಜೋಡಿ ಮಾಡಿದರು. ದೊಡ್ಡಪ್ಪ ಸ್ಪ್ಯಾನರ್ ಹಿಡಿದರು. ನಾನು ಟಾರ್ಚ್ ಹಿಡಿದೆ, ಬಹುಪಾಲು ನನ್ನ ಕಾಲಿನ ಮೇಲೆ. ದೊಡ್ಡಮ್ಮ ಅರಿಶಿನ ಕುಂಕುಮ ಇಟ್ಟರು, ಒಂದು ನಿಂಬೆಹಣ್ಣು ಚಕ್ರದ ಕೆಳಗೆ.

ಭಾನುವಾರ: ಬೀದಿಯಲ್ಲೇ ನಿದ್ದೆ

ಬೆಳಿಗ್ಗೆ ಆ್ಯಪು ನೂರು ಪರ್ಸೆಂಟ್ ಅಂದಿತ್ತು. ಮಧ್ಯಾಹ್ನ ಬಿಸಿಬೇಳೆಬಾತ್ ಹೊಡೆದು ದೊಡ್ಡಪ್ಪ ಮನೆ ಮುಂದೆ ಹೊಂಗೆ ಮರದ ನೆರಳಿನಲ್ಲಿ ನಿಂತ ಗಾಡಿಯೊಳಗೆ ಮುಖವಾಡ ಹಾಕಿ ಮಲಗಿದರು. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ದೊಡ್ಡಮ್ಮ ಒಳಗೆ ಕಿಟಕಿ ಪಕ್ಕ, ಬೆಟ್ಟ ನೋಡುವ ಅಭ್ಯಾಸಕ್ಕೆ. ಸದ್ಯಕ್ಕೆ ಕಾಣುತ್ತಿದ್ದದ್ದು ಎದುರುಮನೆಯ ನೀರಿನ ಟ್ಯಾಂಕು. ಅದನ್ನೇ ಪ್ರೀತಿಯಿಂದ ನೋಡುತ್ತಿದ್ದರು. ಸ್ವೆಟರು ಆಗಲೇ ಸೂಟ್‌ಕೇಸಿಗೆ ಹೋಗಿತ್ತು.

ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ಧ್ವನಿ. "ಚೇತೂ, ಮೊಟ್ಟೆ ತಿಂದು ಬಂದ್ಯಾ?"

"ಇಲ್ಲ ದೊಡ್ಡಮ್ಮ" ಅಂದೆ. ಬೆಳಿಗ್ಗೆ ಬೇಕರಿಯಲ್ಲಿ ಎಗ್ ಪಫ್ಸ್ ತಿಂದಿದ್ದೆ. ಅದಕ್ಕೇ ನನಗೇ ನನ್ನ ಮೇಲೆ ಅನುಮಾನ. ಕೈ ಮೂಸಿಕೊಂಡೆ. ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ವಾಸನೆ ಇನ್ನೂ ಜಾಸ್ತಿಯಾಗಿತ್ತು.

"ಸುಳ್ಳು ಹೇಳಬೇಡ. ಒಂದಲ್ಲ, ಒಂದು ಡಜನ್ ತಿಂದಿದ್ದೀಯ. ಅದೂ ಕೊಳೆತಿದ್ದು."

ಅಷ್ಟರಲ್ಲಿ ಮಿಷನ್ 'ಟೀಂವ್' ಅಂತು. ಫ್ಯಾನು ನಿಂತಿತು. ದೊಡ್ಡಪ್ಪನ ಗೊರಕೆ ಮೊದಲನೇ ಗೇರಿಗೆ ಬಿತ್ತು, ಎರಡನೆಯದಕ್ಕೆ ಹೋಯಿತು, ಮೂರಕ್ಕೆ ಏರಿತು. ಬೀದಿ ನಾಯಿ ಎದ್ದು ನಿಂತು ಸುತ್ತ ನೋಡಿತು. ಆಮೇಲೆ ಆ ಮೌನ. ದೊಡ್ಡಮ್ಮ ಅವರನ್ನು ಅಲುಗಾಡಿಸಿ ಎಬ್ಬಿಸಿದರು. ನಾನು ಸೀಟಿನ ಪೆಟ್ಟಿಗೆ ತೆಗೆದೆ. ಕಮಿಟಿ ಪಾಸು ಮಾಡಿದ ಬ್ಯಾಟರಿಯ ಹೊಟ್ಟೆ ಉಬ್ಬಿತ್ತು, ಮುಟ್ಟಿದರೆ ದೋಸೆ ಕಾವಲಿ. ಕೊಳೆತ ಮೊಟ್ಟೆಯ ವಾಸನೆ ಅಲ್ಲಿಂದಲೇ. ನನ್ನ ಜೀವನದಲ್ಲಿ ಮೊದಲ ಸಲ ನಿರಪರಾಧಿ ಅಂತ ಸಾಬೀತಾಯಿತು, ಸಂಭ್ರಮಿಸಲು ಪುರುಸೊತ್ತಿರಲಿಲ್ಲ.

ಆಗಿದ್ದಿಷ್ಟು. ಹಳೆಯದರ ಒಳಗೆ ಒಂದು ಕೋಣೆ, ಅಂದರೆ ಒಂದು ಸೆಲ್ಲು, ಪೂರ್ತಿ ಸತ್ತಿತ್ತು. ಹೊಸದು ತನ್ನಲ್ಲಿದ್ದದ್ದನ್ನೆಲ್ಲ ಬೆಳಿಗ್ಗೆಯಿಂದ ಅದರ ಬಾಯಿಗೆ ಸುರಿಯುತ್ತಲೇ ಇತ್ತು. ಅದು ತುಂಬಲಿಲ್ಲ, ಬರೀ ಬಿಸಿಯಾಗುತ್ತಾ ಹೋಯಿತು. ಹೊಸದು ಖಾಲಿಯಾದಾಗ ಅದರೊಳಗಿನ ಕಾವಲು ಸರ್ಕ್ಯೂಟು ಬಾಗಿಲು ಹಾಕಿಕೊಂಡಿತು.

ವೈರು ಕಿತ್ತು, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊಂಗೆ ಮರದ ಕೆಳಗೆ ನಿಂತೆವು. ದೊಡ್ಡಪ್ಪನ ಎದೆಯ ಮೇಲೆ ಸೊಂಡಿಲು ನೇತಾಡುತ್ತಿತ್ತು. "ಮೀಟರಲ್ಲಿ ಸರಿ ಇತ್ತಲ್ಲೋ" ಅಂದರು ನನಗೆ. ನಾನು ಅಣಕಿಸಲು ಬಾಯಿ ತೆರೆದೆ, ಅವರ ಮುಖ ನೋಡಿ ಮುಚ್ಚಿದೆ.

ದೊಡ್ಡಮ್ಮ ಬೈಯಲಿಲ್ಲ. ಒಳಗೆ ಹೋಗಿ ಸೂಟ್‌ಕೇಸಿನಿಂದ ಸ್ವೆಟರ್ ತೆಗೆದರು, ಮಡಿಚಿದ್ದನ್ನೇ ಮತ್ತೆ ಮಡಿಚಿ ಬೀರುವಿನಲ್ಲಿಟ್ಟರು. ಬೀರುವಿನ ಬಾಗಿಲು ಹಾಕಿದ ಸದ್ದು ಹೊರಗೆ ಕೇಳಿಸಿತು. ಎಲ್ಲ ಸದ್ದನ್ನೂ ಅನುಕರಿಸುವ ನಾನು ಅದನ್ನು ಇವತ್ತಿಗೂ ಪ್ರಯತ್ನಿಸಿಲ್ಲ.

ಪೀಣ್ಯ, ಎರಡನೇ ಸಲ

ಮಾರನೇ ಬೆಳಿಗ್ಗೆ ದೊಡ್ಡಪ್ಪ ಸಣ್ಣ ದನಿಯಲ್ಲಿ, "ಕಮಿಟಿ ಮತ್ತೆ ಕರೀಬೇಕು" ಅಂದರು.

"ನಾನೂ ಬರ್ತೀನಿ ಪೀಣ್ಯಕ್ಕೆ" ಅಂದರು ದೊಡ್ಡಮ್ಮ. ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

ಲಕ್ಷ್ಮಕ್ಕನ ಅಂಗಡಿಯಲ್ಲಿ ದೊಡ್ಡಪ್ಪ ಹಳೇ ಬ್ಯಾಟರಿಗಳ ಪಕ್ಕ ನಿಂತು ಗಂಟಲು ಸರಿ ಮಾಡಿಕೊಂಡರು. "ಅದು ಕಂಡೆಮ್ ಆಗಿದೆ, ಸರಿ. ಇದೂ ಬಹುಶಃ... ಆದ್ರೆ ಗುಂಡಣ್ಣ ಇಲ್ವಲ್ಲ. ಕೋರಂ ಆಗಲ್ಲ."

"ನಾನು ಮೆಂಬರ್ ಹೌದೋ ಅಲ್ವೋ?"

"ಹೌದು."

"ನಂದು ಕಂಡೆಮ್. ಗುಂಡಣ್ಣ ಬಂದಿದ್ದು ಬಜ್ಜಿಗೆ. ಬಜ್ಜಿ ಮಾಡಿದ್ದು ನಾನು. ಆ ಓಟೂ ನಂದೇ." ದೊಡ್ಡಮ್ಮ ಲಕ್ಷ್ಮಕ್ಕನ ಕಡೆ ತಿರುಗಿದರು. "ಎರಡೂ ತಗೊಳ್ಳಮ್ಮ."

"ಇಂಗಿರಬೇಕು ನೋಡು ಪ್ರೊಸೀಜರು" ಅಂದರು ಲಕ್ಷ್ಮಕ್ಕ.

ದೊಡ್ಡಪ್ಪ ಹಳೇ ಬ್ಯಾಟರಿಯ ಮೇಲೆ ಒಂದು ಕ್ಷಣ ಕೈಯಿಟ್ಟು ತೆಗೆದರು. ರಿಟೈರಾದ ದಿನ ಅವರ ಭುಜದ ಮೇಲೆ ಯಾರೋ ಹಾಗೆಯೇ ಕೈಯಿಟ್ಟ ಫೋಟೋ ನಮ್ಮ ಹಾಲಿನಲ್ಲಿದೆ.

ಈ ಸಲ ಕಾನೂನು ಪ್ರಕಾರ. ಇರುವ ಲಿಥಿಯಮ್ಮಿಗೆ ಜೊತೆಯಾಗಿ ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿ ಹೊಟ್ಟೆ ತುಂಬಾ ಚಾರ್ಜ್ ಮಾಡಿ, ಆಮೇಲೆ ಜೋಡಿಸಬೇಕು. ಒಂದು ತುಂಬಿ ಒಂದು ಹಸಿದಿದ್ದರೆ ಕೂಡಿಸಿದ ತಕ್ಷಣ ಜಗಳ. ಎಂಜಿನ್ ಮತ್ತು ಬ್ಯಾಟರಿಯ ನಡುವೆ ರೋಹಿತ್ ಹೇಳಿದ ಕನ್ವರ್ಟರು. ಬ್ಯಾಟರಿಗಳು ಅಂಗಡಿಯ ಬೆಂಚಿನ ಮೇಲೆ ಚಾರ್ಜಿಗೆ ಕೂತವು. ದೊಡ್ಡಪ್ಪ ಸ್ಟೂಲು ಹಾಕಿಕೊಂಡು ಮೀಟರಿನ ಮುಂದೆ ಕೂತರು. ಕರೆಂಟು ಹೋಯಿತು. ಇಡೀ ಪೀಣ್ಯ ಒಮ್ಮೆಲೇ ಉಸಿರು ಹಿಡಿಯಿತು, ಮೂರನೇ ಗೇರಿನ ನಂತರದ ಹಾಗೆ. ಆಮೇಲೆ ಒಂದೊಂದೇ ಜನರೇಟರು ಕೆಮ್ಮಿಕೊಂಡು ಎದ್ದವು.

ಕಾಯುವ ಹೊತ್ತಿನಲ್ಲಿ ಲಕ್ಷ್ಮಕ್ಕ ಎಲ್ಲಿಗೆ ಹೋಗೋದು ಅಂತ ವಿಚಾರಿಸಿದರು. ನೇಪಾಳ ಅಂದದ್ದೇ, "ಏ ಬಹಾದೂರಾ, ನಿಮ್ಮೂರ್ಗಂತೆ ಬಾ" ಅಂತ ಶೆಡ್ಡಿನ ವಾಚ್‌ಮನ್‌ನನ್ನು ಕರೆದರು.

ಅವನು ಪೋಖರಾ ಹತ್ತಿರದವನು. ಪೀಣ್ಯದಲ್ಲಿದ್ದು ಲಕ್ಷ್ಮಕ್ಕನ ಕನ್ನಡವನ್ನೇ ಕಲಿತಿದ್ದ. "ಬೆಟ್ಟ ಬೇಕಾ ಅಮ್ಮ? ಬೆಳಿಗ್ಗೆ ಎದ್ದೇಟ್ಗೆ ನೋಡ್ಬುಡ್ಬೇಕು. ಆಮ್ಯಾಕೆ ಮೋಡ. ಎದ್ದು ಟೀ ಮಾಡಕ್ ಓದ್ರೆ, ಟೀ ಸಿಗ್ತದೆ, ಬೆಟ್ಟ ಸಿಗಲ್ಲ."

"ಎದ್ದ ತಕ್ಷಣ ಇವರಿಗೆ ಟೀ ಬೇಕಲ್ಲಪ್ಪ" ಅಂದರು ದೊಡ್ಡಮ್ಮ. ಮದುವೆಯಾದಾಗಿನಿಂದ ಒಂದು ಬೆಳಿಗ್ಗೆಯೂ ಅದು ತಪ್ಪಿಲ್ಲ.

"ಮದ್ಲು ಬೆಟ್ಟ. ಆಮ್ಯಾಕೆ ಟೀ" ಅಂದ ಅವನು, ಟ್ರಾಫಿಕ್ ನಿಯಮ ಹೇಳುವವನ ಹಾಗೆ.

ಆ ರಾತ್ರಿ ಗಾಡಿಯಲ್ಲಿ ಮಿಷನ್ ಬೆಳಗಿನವರೆಗೂ ಓಡಿತು. ಸ್ವೆಟರ್ ಬೀರುವಿನಿಂದ ಹೊರಗೆ ಬಂತು.

ಗಡಿ

ನಡುವಿನ ರಾಜ್ಯಗಳನ್ನು ಬಿಡುತ್ತೇನೆ. ಎಲ್ಲ ಕಡೆಯೂ ಢಾಬಾ ಇತ್ತು, ಎಲ್ಲ ಢಾಬಾದಲ್ಲೂ ದೊಡ್ಡಪ್ಪ ರೊಟ್ಟಿಯನ್ನು ಬೆಳಕಿಗೆ ಹಿಡಿದರು.

ಗಡಿಯಲ್ಲಿ ಕಾಗದ ನೋಡಿದರು, ಗಾಡಿಗೆ ಚೀಟಿ ಬರೆದುಕೊಟ್ಟರು, ಹೋಗಿ ಅಂದರು. ದೊಡ್ಡಪ್ಪ ಫೋಟೋಗೆಂದು ಶರ್ಟಿನ ಗುಂಡಿ ಹಾಕಿಕೊಂಡು ನಿಂತಿದ್ದರು. ಯಾರೂ ತೆಗೆಯಲಿಲ್ಲ. "ಇಷ್ಟೇನಾ? ವೈಟ್‌ಫೀಲ್ಡೇ ಕಷ್ಟ ಕಣೋ" ಅಂದರು, ಸ್ವಲ್ಪ ನಿರಾಸೆಯಿಂದ.

ದೊಡ್ಡಮ್ಮ ಆ ಕಡೆ ಒಂದು ಹೆಜ್ಜೆ ಇಟ್ಟು ನೋಡಿದರು. "ಇದೇ ಫಾರಿನ್ನಾ?" ಧೂಳು, ಲಾರಿ, ಹಾರ್ನು, ರಸ್ತೆಯಲ್ಲಿ ಮಲಗಿದ ದನ. "ನೆಲಮಂಗಲ ಇದ್ದಂಗಿದೆ" ಅಂದರು. ಆದರೂ ಎದುರುಮನೆ ಆಂಟಿಗೆ ಫೋನ್ ಮಾಡಿ, "ನಾನು ಫಾರಿನ್ನಿಂದ ಮಾತಾಡ್ತಿದ್ದೀನಿ" ಅಂದಾಗ ಧ್ವನಿಯೇ ಬೇರೆಯಾಗಿತ್ತು.

ಪೋಖರಾ

ಹಿಮಾಲಯ ಅಂತ ಮೂವರೂ ಸ್ವೆಟರ್ ಹಾಕಿಕೊಂಡು ಇಳಿದರೆ, ಊರು ಬೆಂಗಳೂರಿಗಿಂತ ತಗ್ಗಿನಲ್ಲಿದೆ. ಬೆವರು. ದೊಡ್ಡಪ್ಪ ಮಾತ್ರ ರೋಹಿತನ ಎಚ್ಚರಿಕೆ ಮರೆತಿರಲಿಲ್ಲ. ತಮ್ಮ ಮಂಕಿ ಕ್ಯಾಪನ್ನು ಬಿಚ್ಚಿ ಒಂದು ಬ್ಯಾಟರಿಗೆ ಹಾಕಿದರು, ಮಫ್ಲರನ್ನು ಇನ್ನೊಂದಕ್ಕೆ ಸುತ್ತಿದರು. ಪೆಟ್ಟಿಗೆ ತೆರೆದಾಗೆಲ್ಲ ಇಬ್ಬರು ಗುಂಡಣ್ಣಂದಿರು ಕೂತ ಹಾಗೆ ಕಾಣುತ್ತಿತ್ತು.

ಕೆರೆಯ ಹತ್ತಿರದ ಬಯಲಿನಲ್ಲಿ ಗಾಡಿ ನಿಲ್ಲಿಸಿದೆವು. ಪಕ್ಕದಲ್ಲಿ ಒಬ್ಬ ಹೆಂಗಸಿನ ಚಹಾ ಅಂಗಡಿ. ಅಲ್ಲಿ ಯಾರೂ ಅವಸರದಲ್ಲಿ ಕುಡಿಯುವುದಿಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತೇ ಕುಡಿದು ಲೋಟ ಎಸೆದು ಓಡುವವನಿಗೆ, ಒಂದು ಗ್ಲಾಸಿಗೆ ಒಂದು ಸಂಜೆ ಕಳೆಯುವವರನ್ನು ನೋಡಿ ಕಾಲು ತುರಿಸಿತು. ಆಕೆ ನಮ್ಮ ಕಿಟಕಿಯಿಂದ ಮುಖವಾಡ, ಪೈಪು ನೋಡಿ ಇದೇನು ಅಂತ ಕೈಸನ್ನೆ ಮಾಡಿದರು. ನನ್ನ ಹಿಂದಿ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಕಣ್ಣು ಮುಚ್ಚಿ ದೊಡ್ಡಪ್ಪನ ಗೊರಕೆ ಶುರು ಮಾಡಿದೆ. ಒಂದನೇ ಗೇರು, ಎರಡನೆಯದು, ಮೂರು. ಅಂಗಡಿಯವರೆಲ್ಲ ಗ್ಲಾಸು ಇಟ್ಟು ನಕ್ಕರು. ಆಕೆ ಕೈಯೆತ್ತಿ ನಿಲ್ಲಿಸಿ, ತಮ್ಮ ಗಂಡನದನ್ನು ಮಾಡಿ ತೋರಿಸಿದರು. ನಾಲ್ಕು ಗೇರಿತ್ತು, ಕೊನೆಯಲ್ಲಿ ಶಿಳ್ಳೆ ಬೇರೆ. ಪರದೇಶದಲ್ಲಿ ನನ್ನನ್ನು ಸೋಲಿಸಿದ ಏಕೈಕ ಕಲಾವಿದೆ. ದೊಡ್ಡಪ್ಪ ದೂರದಲ್ಲಿ ಕೂತು ಇದೆಲ್ಲ ತನಗೆ ಸಂಬಂಧವಿಲ್ಲ ಅನ್ನುವ ಹಾಗೆ ಆ್ಯಪು ನೋಡುತ್ತಿದ್ದರು.

ಬೆಟ್ಟ ಕಾಣಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಬೂದು ಪರದೆ. ದೊಡ್ಡಮ್ಮ ಕತ್ತಲಾಗುವತನಕ ಆ ಪರದೆಯನ್ನೇ ನೋಡಿದರು.

ಬೆಳಿಗ್ಗೆ ನನಗೆ ಎಚ್ಚರವಾದಾಗ ಮೊದಲು ಕೇಳಿಸಿದ್ದು ಮಿಷನ್ನಿನ ಸದ್ದು. ಹಿತವಾಗಿ, ಒಂದೇ ಸಮ, ಯಾರೋ ದೂರದಲ್ಲಿ ರಾಗಿ ಜರಡಿ ಹಿಡಿದ ಹಾಗೆ. ಒಲೆಯ ಮೇಲೆ ಪಾತ್ರೆ ಇತ್ತು, ನೀರೂ ಇತ್ತು, ಒಲೆ ಹಚ್ಚಿರಲಿಲ್ಲ. ದೊಡ್ಡಮ್ಮ ಕಿಟಕಿ ಪಕ್ಕ ಕೂತಿದ್ದರು, ಕೈಗಳು ಮಡಿಲಲ್ಲಿ. ಅವರ ಕೈಗಳು ಏನೂ ಮಾಡದೆ ಇದ್ದದ್ದನ್ನು ನಾನು ಅವತ್ತೇ ನೋಡಿದ್ದು.

ಕಿಟಕಿಯ ತುಂಬಾ ಬೆಟ್ಟ. ಎಲ್ಲಿ ಆಕಾಶ ಅಂದುಕೊಂಡಿದ್ದೆನೋ ಅಲ್ಲಿ ಬೆಟ್ಟ. ತುದಿ ಮೊದಲು ಕೆಂಪಗಿತ್ತು, ಆಮೇಲೆ ಹಳದಿ, ಆಮೇಲೆ ಹಾಲಿನ ಬಿಳುಪು. ತಮಾಷೆ ಮಾಡಲು ನನಗೆ ಏನೂ ಹೊಳೆಯಲಿಲ್ಲ.

"ದೊಡ್ಡಪ್ಪನ್ನ ಎಬ್ಬಿಸ್ಲಾ?" ಅಂತ ಪಿಸುಗುಟ್ಟಿದೆ.

"ಬೇಡ. ಎದ್ರೆ ಅದನ್ನೂ ಬೆಳಕಿಗೆ ಹಿಡೀತಾರೆ."

ಸುಮ್ಮನೆ ನೋಡಿದರು. ಅಷ್ಟೇ. ಬಾಣಂತಿ ಇಲ್ಲ, ಬಜ್ಜಿ ಇಲ್ಲ, ಉಸಿರು ಎಣಿಸುವ ಕೆಲಸ ಈಗ ಮಿಷನ್ನಿನದು. ಕೆಳಗಿನಿಂದ ಮೋಡ ಹತ್ತಿ ಬಂದು ಒಂದೊಂದೇ ಮಡಿಕೆ ಮುಚ್ಚುತ್ತಾ ಹೋಯಿತು. ಕೊನೆಯ ಚೂರು ಮುಚ್ಚಿದ ಮೇಲೂ ಅವರು ಸ್ವಲ್ಪ ಹೊತ್ತು ಕೂತೇ ಇದ್ದರು.

ದೊಡ್ಡಪ್ಪ ಎದ್ದರು. ಮುಖವಾಡ ತೆಗೆದು, ಕನ್ನಡಕ ಹಾಕಿ, ಮೊದಲು ಆ್ಯಪು ನೋಡಿದರು. "ಅರ್ಧಕ್ಕಿಂತ ಜಾಸ್ತಿ ಉಳಿದಿದೆ" ಅಂತ ಹೆಮ್ಮೆಯಿಂದ ಅಂದರು. ಆಮೇಲೆ ಒಲೆಯ ಕಡೆ ನೋಡಿದರು. "ಟೀ ಆಗಿಲ್ವಾ?"

"ಬೆಟ್ಟ ನೋಡ್ತಿದ್ದೆ."

"ಬಂದಿತ್ತಾ? ಹೇಗಿತ್ತು?"

ದೊಡ್ಡಮ್ಮ ತಲೆ ಸ್ವಲ್ಪ ಓರೆ ಮಾಡಿ, ಕಣ್ಣು ಕಿರಿದು ಮಾಡಿ, ಕಿಟಕಿಯಾಚೆಯ ಬರೀ ಮೋಡವನ್ನು ಪರೀಕ್ಷಿಸಿದರು. "ಸರ್ವಿಸಬಲ್" ಅಂದರು.

ದೊಡ್ಡಪ್ಪ ಹೆಂಡತಿಯ ಮುಖ ನೋಡಿದರು. ಎದ್ದು, ಲೈಟರ್ ಎಲ್ಲಿದೆ ಅಂತ ಮೂರು ಕಡೆ ಹುಡುಕಿ, ಒಲೆ ಹಚ್ಚಿದರು. ಸಕ್ಕರೆ ಡಬ್ಬಿ ಯಾವುದು ಅಂತ ನನ್ನನ್ನು ಸನ್ನೆಯಲ್ಲಿ ಕೇಳಿದರು. ಬಹಳ ಹೊತ್ತಿನ ಮೇಲೆ ಒಂದು ಗ್ಲಾಸು ತಂದು ದೊಡ್ಡಮ್ಮನ ಕೈಗೆ ಕೊಟ್ಟು, ತೀರ್ಪಿಗೆ ಕಾಯುತ್ತಾ ನಿಂತರು.

ದೊಡ್ಡಮ್ಮ ಗ್ಲಾಸನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿ ನೋಡಿದರು.

"ರಿಜೆಕ್ಟ್" ಅಂದು, ಪೂರ್ತಿ ಕುಡಿದರು.